ಮನೆ ಕೆಳಗಿನ ತೋಡು

ನಮ್ಮ ಸೀಮೆಯಲ್ಲಿ ಹೊಳೆಗಳಿಗೂ ಬರವಿಲ್ಲ, ಹೊಳೆಗಳ ಕತೆಗಳಿಗೂ ಬರವಿಲ್ಲ. ಸೌಪರ್ಣಿಕೆಯ ದಡದಲ್ಲಿ ಗರುಡ ತಪಸ್ಸಿಗೆ ಕೂತಿದ್ದನಂತೆ. ಕುಬ್ಜೆ ಮಳೆಗಾಲದಲ್ಲಿ ಕಮಲಶಿಲೆಯ ಗರ್ಭಗುಡಿಗೇ ನುಗ್ಗಿ ಬ್ರಾಹ್ಮೀ ದುರ್ಗಾಪರಮೇಶ್ವರಿಗೆ ಸ್ನಾನ ಮಾಡಿಸಿ ಹೋಗುತ್ತಾಳೆ. ಕುಂಚಿಕಲ್ಲಿನಲ್ಲಿ 455 ಮೀಟರ್ ಇಳಿಜಾರು ಹಾರುತ್ತಿದ್ದ ವಾರಾಹಿಯನ್ನು ಹಿಡಿದು ಹೊಸಂಗಡಿಯಲ್ಲಿ ನೆಲದಡಿಯ ಕರೆಂಟಿನ ಕೆಲಸಕ್ಕೆ ಹಚ್ಚಿದ್ದಾರೆ. ಇವರೊಂದಿಗೆ ಚಕ್ರಾ, ಖೇಟಾ ಕೂಡಿ ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯಾಗುತ್ತದೆ. ತೆಂಕಲಾಗಿ ಬ್ರಹ್ಮಾವರದ ಕಡೆ ಹೋದರೆ ಸೀತಾ ನದಿ, ಅದರ ದಡದಲ್ಲಿ ಬಾರ್ಕೂರು, ಅಲ್ಲಿ ಅಳಿದುಳಿದ ರಾಜವೈಭವ. ಹೀಗೆ ಎಲ್ಲರಿಗೂ ಒಂದೊಂದು ಸ್ಥಳಪುರಾಣ.

ನಮ್ಮ ಮನೆ ಕೆಳಗಿನ ತೋಡಿಗೆ ಮಾತ್ರ ಅಂಥದ್ದೇನೂ ಇಲ್ಲ. ಹೆಸರೂ ಇಲ್ಲ. ಮೇಲಿನ ಮನೆಯವರಿಗೆ ಅದು ಕೆಳಗಿನ ತೋಡು, ಬೈಲಿನಾಚೆಯವರಿಗೆ ಆಚೆ ತೋಡು. ಕಾಲುಸಂಕಕ್ಕೆ ಅರ್ಜಿ ಬರೆಯುವಾಗ ‘ತೋಡಿನ ಹೆಸರು’ ಎಂಬ ಜಾಗದಲ್ಲಿ ಏನು ತುಂಬುವುದೆಂದು ದೊಡ್ಡ ಚರ್ಚೆಯಾಗಿ, ಕೊನೆಗೆ ನಮ್ಮ ಮನೆ ಹೆಸರನ್ನೇ ಬರೆದು ಮುಗಿಸಿದ್ದರು. ಕಾಗದದ ಮೇಲೆ ಈಗ ನಾವು ಒಂದು ತೋಡಿನ ಒಡೆಯರು!

ಗುಡ್ಡೆಯ ಬುಡದಲ್ಲಿ ಹುಟ್ಟಿ, ಹಾಡಿಯ ಅಂಚಿನಲ್ಲಿ ಇಳಿದು, ಬೈಲಿನ ನಡುವೆ ಹರಿದು ಎಡಮಾವಿನ ಹೊಳೆಗೆ ಬಿದ್ದು, ಆ ಹೊಳೆಯ ಜೊತೆ ಕೊಡೇರಿಯ ಅಳಿವೆಯಲ್ಲಿ ಕಡಲಿಗೆ ಸೇರುವುದು. ಇಷ್ಟೇ ಅದರ ಬಾಳು. ಬೈಂದೂರಿನ ಕಡೆ ಘಟ್ಟ ಕಡಲಿಗೆ ತೀರ ಹತ್ತಿರ ಬಂದು ನಿಂತಿದೆ. ಹಾಗಾಗಿ ತೋಡು ಹುಟ್ಟುವ ಗುಡ್ಡೆ ಹತ್ತಿ ನಿಂತರೆ ಅದು ಸೇರುವ ಕಡಲು ಕಣ್ಣಿಗೆ ಕಾಣುತ್ತದೆ. ಗಂಗೆಗೆ ಈ ಭಾಗ್ಯವಿಲ್ಲ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿದು. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬಿದ್ದು ಮುಗಿಯುತ್ತದೆ. ಆದರೂ ಮೊದಲ ಮಳೆಗೇ ತೋಡು ಬರುವುದಿಲ್ಲ. ಮೊದಮೊದಲ ಕೆಂಪು ನೀರು ಒಂದು ಗಳಿಗೆ ಅಬ್ಬರಿಸಿ ಹೋಗಿಬಿಡುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಬರೀ ಕಲ್ಲು. ನಮಗೆ ಮಕ್ಕಳಿಗೆ ಅವಸರ. ಅಜ್ಜಿಗೆ ಇಲ್ಲ. “ಗುಡ್ಡಿ ಹೊಟ್ಟಿ ತುಂಬ್ಲಿ ಮಗಾ, ಕಡಿಕೆ ತೋಡ್ ಬತ್ತ್” ಎನ್ನುತ್ತಿದ್ದರು.

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಗುಡ್ಡೆಗಳೆಲ್ಲ ಮುರಕಲ್ಲಿನವು. ಮೈತುಂಬ ತೂತು, ಎಷ್ಟು ಸುರಿದರೂ ಕುಡಿಯುತ್ತವೆ. ಕಲ್ಲಿನ ಕೆಳಗೆ ನುಣುಪಾದ ಶೇಡಿಮಣ್ಣಿನ ಪದರ. ಅದು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಇಳಿದ ನೀರು ಆ ಪದರದ ಮೇಲೆ ನಿಂತು, ತುಂಬಿ, ದಾರಿ ಹುಡುಕಿ ಗುಡ್ಡೆಯ ಬುಡದಲ್ಲಿ ಒಸರಾಗಿ ಹೊರಬರುತ್ತದೆ. ಅಲ್ಲಿಂದ ಮೇಲೆ ತೋಡು ಮಳೆಯನ್ನು ಕಾಯುವುದಿಲ್ಲ. ಮಳೆ ಬಿಟ್ಟ ದಿನವೂ ಹರಿಯುತ್ತದೆ, ನೀರು ಕೆಂಪು ಕಳೆದು ತಿಳಿಯಾಗುತ್ತದೆ, ತಳದ ಏಡಿ ಕಾಣುತ್ತದೆ. ದೀಪಾವಳಿ ಕಳೆದು ಎಷ್ಟೋ ದಿನದವರೆಗೆ ಹರಿಯುವ ನೀರು ಆಷಾಢದಲ್ಲಿ ಗುಡ್ಡೆ ಕುಡಿದಿಟ್ಟದ್ದೇ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರ, ಬೈಂದೂರಿನ ದಾರಿಯಾಗಿ ಬಡಗಕ್ಕೆ ಹೋದ. ಅದಕ್ಕೂ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರಂನಲ್ಲಿ ಇದೇ ಕಲ್ಲನ್ನು ನೋಡಿ, ಒಳಗಿರುವಾಗ ಮೆತ್ತಗಿದ್ದು ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಅದರ ಗುಣಕ್ಕೆ ಬೆರಗಾಗಿದ್ದ. ಲ್ಯಾಟರೈಟ್ ಎಂಬ ಹೆಸರು ಅವನಿಟ್ಟದ್ದು; 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಲೋಕಕ್ಕೆಲ್ಲ ಹಬ್ಬಿತು. ಗೋಡೆಗೆ ಆಗುವ ಕಲ್ಲೆಂದು ಅವನಿಗೆ ಗೊತ್ತಾಯಿತು. ನೀರಿಗೆ ಆಗುವ ಕಲ್ಲೆಂದು ನಮ್ಮ ಬಾವಿ ತೋಡುವವರಿಗೆ ಮೊದಲೇ ಗೊತ್ತಿತ್ತು. ಶೇಡಿ ಸಿಕ್ಕರೆ ಅವರು ಹಾರೆ ನಿಲ್ಲಿಸಿ ಮೇಲೆ ನೋಡುತ್ತಿದ್ದರು: ಇನ್ನು ಹುಷಾರಾಗಿ ಇಳಿಯಬೇಕು ಎಂದು. ಆ ಹುಷಾರು ರಸ್ತೆ ಮಾಡುವವರಿಗೂ ಬೇಕಿತ್ತೇನೋ. ಹೆದ್ದಾರಿ ಅಗಲ ಮಾಡಲು ಬೈಂದೂರಿನ ಒತ್ತಿನೆಣೆ ಗುಡ್ಡೆಯನ್ನು ಕಡಿದರು. 2017ರ ಮಳೆಗಾಲದಲ್ಲಿ ಶೇಡಿಮಣ್ಣು ಕರಗಿ ರಸ್ತೆಗೇ ಇಳಿಯಿತು. ಗುಡ್ಡೆ ಹೊಟ್ಟೆಯಲ್ಲಿಟ್ಟುಕೊಂಡ ನೀರಿಗೆ ಹೊರಬರಲು ಒಸರೇ ಆಗಬೇಕೆಂದಿಲ್ಲ.

ತೋಡು ತುಂಬಿದ ಮೇಲೆ ಊರು ಎರಡಾಗುತ್ತದೆ. ಈಚೆ ಮನೆ, ಆಚೆ ಶಾಲೆ. ನಡುವೆ ಸಂಕ. ಮೇ ಕೊನೆಗೆ ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿ, ಬಳ್ಳಿಯಲ್ಲಿ ಬಿಗಿದು, ಕೈ ಹಿಡಿಯಲು ಒಂದು ಬಿದಿರು ಕಟ್ಟಿದರೆ ಆ ವರ್ಷದ ಸಂಕ ಆಯಿತು. ಜುಲೈ ಹೊತ್ತಿಗೆ ಅದರ ಮೇಲೆ ಹಾವಸೆ ಕಟ್ಟುತ್ತದೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬಿದಿರು, ಕೊಡೆ ಕಂಕುಳಲ್ಲಿ. ಮಳೆಯಲ್ಲಿ ಕೊಡೆ ಮಡಚುವ ಜಾಗ ಲೋಕದಲ್ಲಿ ಅದೊಂದೇ ಇರಬೇಕು. ಕಾಲನ್ನು ಅಡ್ಡ ಇಟ್ಟು, ಬೆರಳಲ್ಲಿ ಮರ ಕಚ್ಚಿ ಹಿಡಿಯುತ್ತ ಸರಿಯಬೇಕು. ನೀರನ್ನು ಮಾತ್ರ ನೋಡಬಾರದು. ನೋಡಿದರೆ ಒಂದು ಕ್ಷಣದಲ್ಲಿ ನೀರು ನಿಂತುಬಿಡುತ್ತದೆ, ಸಂಕ ನಮ್ಮನ್ನು ಹೊತ್ತುಕೊಂಡು ಗುಡ್ಡೆಯ ಕಡೆ ಓಡತೊಡಗುತ್ತದೆ. ತಲೆ ತಿರುಗುವುದು ಅಲ್ಲಿ. ಅಜ್ಜಿ ದಡದಲ್ಲಿ ನಿಂತು ಕೂಗುತ್ತಿದ್ದರು: “ನೀರ್ ಕಾಣ್ಬೇಡ, ಆಚಿ ದರಿ ಕಾಣ್!”

ಇದನ್ನು ಈಗ ಮೋಜಿನ ನೆನಪಾಗಿ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಇಂಥದೇ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಪತ್ರಿಕೆಗಳಲ್ಲಿ ಒಂದಷ್ಟು ದಿನ ಕಾಲುಸಂಕಗಳದ್ದೇ ಸುದ್ದಿ. ಕೆಲವು ಕಡೆ ಕಾಂಕ್ರೀಟಿನ ಸಂಕ ಬಂತು, ಕೆಲವು ಕಡೆ ಅಡಿಕೆ ಮರ ಹಾಗೇ ಉಳಿಯಿತು. ನಮ್ಮಲ್ಲಿ ಬಂದಿದೆ. ಚೆಂದವಿಲ್ಲ, ಕಬ್ಬಿಣದ ಸರಳಿನ ಕೈಪಿಡಿ ಆಗಲೇ ತುಕ್ಕು ಹಿಡಿದಿದೆ. ಅದನ್ನು ಕಂಡು ಹಳೇ ಸಂಕವೇ ಚೆಂದವಿತ್ತು ಎನ್ನುವ ರಜೆಯ ನೆಂಟರೊಂದಿಗೆ ನಾನು ವಾದಕ್ಕೆ ಇಳಿಯುತ್ತೇನೆ.

ತೋಡಿನ ದಡದ ಗಿಡ ನೋಡಿದರೆ ನಾವು ಎಲ್ಲಿದ್ದೇವೆಂದು ಹೇಳಬಹುದು. ಮೇಲೆ ಕೇದಗೆ ಹಿಂಡು; ಅದರ ಬೇರು ದರೆ ಜರಿಯಲು ಬಿಡುವುದಿಲ್ಲ, ಅದರ ಮುಳ್ಳು ದನ ಇಳಿಯಲು ಬಿಡುವುದಿಲ್ಲ. ಕೆಳಗೆ ಹೊಳೆ ಸೇರುವ ಹತ್ತಿರ ಕಾಂಡ್ಲಾ ಕಾಣಿಸಿಕೊಂಡಿತೆಂದರೆ ಉಪ್ಪಿನ ಸರಹದ್ದು ಬಂತು. ಈ ಸರಹದ್ದು ಮಳೆಗಾಲದಲ್ಲಿ ಕಡಲ ಕಡೆ ಸರಿಯುತ್ತದೆ, ಬೇಸಗೆಯಲ್ಲಿ ಭರತದ ನೀರಿನೊಂದಿಗೆ ಮೇಲೇರುತ್ತದೆ. ತೋಡಿನ ಸಿಹಿನೀರಿಗೆ ತಳ್ಳುವ ಬಲ ಇಲ್ಲದಾದಾಗ ಬೈಲಿನ ಬಾವಿಗಳ ಚಹಾ ಉಪ್ಪಾಗುತ್ತದೆ.

ಅದಕ್ಕೇ ಕಟ್ಟ. ಕಾರ್ತಿ ಬೆಳೆ ಕೊಯ್ದು ಸುಗ್ಗಿ ಬೆಳೆಗೆ ನೀರು ಬೇಕಾದಾಗ ಬೈಲಿನವರೆಲ್ಲ ತೋಡಿಗೆ ಇಳಿಯುತ್ತಿದ್ದರು. ತೆಂಗಿನ ಕಾಂಡ ಅಡ್ಡ, ಅದಕ್ಕೆ ಒರಗಿಸಿ ಕಲ್ಲು, ಸಂದಿಗೆ ಸೊಪ್ಪು, ಮೇಲೆ ಅಂಟುಮಣ್ಣು. ಮಣ್ಣು ಮೆಟ್ಟುವುದೇ ದೊಡ್ಡ ಕೆಲಸ. ಸಾಲಾಗಿ ನಿಂತು ಹಿಮ್ಮಡಿಯಲ್ಲಿ ಗುದ್ದಿ ಗುದ್ದಿ ಕೂರಿಸಬೇಕು. ನೀರು ಏರಿ ಗದ್ದೆಗೆ ಹರಿಯುತ್ತಿತ್ತು, ಜೊತೆಗೆ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತಿತ್ತು. ಬರುವ ಜೂನ್‌ನಲ್ಲಿ ಕಟ್ಟವನ್ನು ಯಾರೂ ಬಿಚ್ಚಬೇಕಾಗಿರಲಿಲ್ಲ, ತೋಡೇ ಒಡೆದುಕೊಂಡು ಹೋಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಮುಗುಡು ಮೀನು ಹೊಸನೀರಿಗೆ ಎದುರು ಹತ್ತಿ ಗದ್ದೆಗೆ ಬರುತ್ತಿದ್ದವು. ಕೂಳಿ ಇಟ್ಟು, ಟಾರ್ಚು ಹಿಡಿದು ರಾತ್ರಿಯೆಲ್ಲ ಗಲಾಟೆ.

ಕಟ್ಟ ಹಾಕಲು ಹಿಂದೆ ಭೂಮಾಲೀಕರ ಮನೆಯಿಂದ ಹೇಳಿಕೆ ಬರುತ್ತಿತ್ತು, ಗೇಣಿಯವರು ಹೋಗದೆ ವಿಧಿಯಿರಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವರೇ ಒಡೆಯರಾದರು. ಬಿಟ್ಟಿ ದುಡಿಮೆ ಹೋಯಿತು, ಒಳ್ಳೆಯದೇ ಆಯಿತು. ಆಮೇಲೂ ಕಟ್ಟ ನಿಲ್ಲಲಿಲ್ಲ, ಒಬ್ಬರ ಬದಲು ಹತ್ತು ಮನೆಯವರು ಒಬ್ಬರನ್ನೊಬ್ಬರು ಕರೆಯತೊಡಗಿದರು. ಅದನ್ನು ನಿಲ್ಲಿಸಿದ್ದು ಹೋಟೆಲು. ಹುಡುಗರು ಬೆಂಗಳೂರು, ಮುಂಬೈ ಸೇರಿದರು. ಮೆಟ್ಟುವ ಹಿಮ್ಮಡಿಗಳು ಅಲ್ಲಿ ಟೇಬಲಿನಿಂದ ಟೇಬಲಿಗೆ ಓಡಾಡಿದವು. ಸುಗ್ಗಿ ಬೆಳೆ ಹೋಯಿತು. ಹಡಿಲು ಬಿದ್ದ ಗದ್ದೆಯ ಅಂಚಿನಲ್ಲಿ ಹೂಳು ತೆಗೆಯುವವರಿಲ್ಲದೆ ತೋಡು ತನ್ನ ಹಾದಿ ಬಿಟ್ಟು ಗದ್ದೆಗೇ ಕಾಲು ಚಾಚಿತು.

ಈಗ ಕಿಂಡಿ ಅಣೆಕಟ್ಟು ಬಂದಿದೆ. ಕಾಂಕ್ರೀಟು ಕಂಬ, ನಡುವೆ ಕಿಂಡಿ, ಮಳೆ ಮುಗಿದ ಮೇಲೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು, ಮೇ ತಿಂಗಳಲ್ಲಿ ಎತ್ತಿಡಬೇಕು. ಎತ್ತುವುದು ತಡವಾದ ವರ್ಷ ಮೊದಲ ನೆರೆಗೆ ಎರಡು ದಡದ ತೋಟ ಮುಳುಗಿತು. ಮತ್ತೊಂದು ವರ್ಷ ಹಲಗೆ ಇಳಿಸಲು ಬಂದವರು ಎಣಿಸಿ ನೋಡಿದರೆ ಒಂದು ಕಿಂಡಿಯ ಹಲಗೆಗಳೇ ಇಲ್ಲ. ಯಾರದ್ದೋ ಹಟ್ಟಿಗೆ ಮಾಡಾಗಿರಬೇಕು ಎಂದು ನಕ್ಕು, ಇದ್ದಷ್ಟು ಹಾಕಿ ಹೋದರು. ಆ ಸಂಜೆ ಚಿಕ್ಕಪ್ಪಯ್ಯ ತೋಟದಲ್ಲಿ ಬಿದ್ದಿದ್ದ ತೆಂಗಿನ ಕಾಂಡವನ್ನು ಉರುಳಿಸಿ ತಂದರು. ಪಕ್ಕದ ಮನೆಯವರು ಸೊಪ್ಪು ಕಡಿದರು. ಎಪ್ಪತ್ತು ದಾಟಿದ ಮೂವರು ಲುಂಗಿ ಎತ್ತಿ ಕಟ್ಟಿ, ಕಂಬ ಹಿಡಿದುಕೊಂಡು, ಖಾಲಿ ಕಿಂಡಿಯಲ್ಲಿ ನಿಂತು ಮಣ್ಣು ಮೆಟ್ಟಿದರು. ಮಾರ್ಚ್ ತಿಂಗಳಲ್ಲಿ ನಾನು ಹೋದಾಗ ನೀರು ಸೋರುತ್ತಿತ್ತು, ಹಲಗೆ ಹಾಕಿದ್ದ ಕಿಂಡಿಗಳಲ್ಲಿ.