ಎಲೆಯುದುರುವ ಕಾಲ

ಕನ್ನಡ ಕಲಿಸುವ ತಾತ್ಕಾಲಿಕ ಕಾರ್ಯನಿಮಿತ್ತ ಒಮ್ಮೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಷಿಕಾಗೊ ನಗರದಲ್ಲಿದ್ದೆ. ಎ.ಕೆ. ರಾಮಾನುಜನ್ ಅವರು 1993ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕ ಪಾಠ ಹೇಳಿದ ಊರು ಎಂಬುದಷ್ಟೇ ನನಗಿದ್ದ ಪರಿಚಯ.

ಅಕ್ಟೋಬರಿನಲ್ಲಿ ಮಿಷಿಗನ್ ಸರೋವರದ ಗಾಳಿಗೆ ಮೇಪಲ್ ಮರಗಳು ಕೆಂಪಾಗಿ ಎಲೆಯುದುರಿಸತೊಡಗಿದವು. “ಈ ಕಾಲಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ, ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಗ್ರಂಥಸ್ಥ ಉತ್ತರ ‘ಶರದೃತು’. ಆದರೆ ನಮ್ಮ ಸೊಲ್ಲಾಪುರದ ಶರತ್ತಿನಲ್ಲಿ ಎಲೆ ಉದುರುವುದಿಲ್ಲ. ಮಳೆ ಹಿಂದೆಗೆದು, ಆಕಾಶ ತಿಳಿಯಾಗಿ, ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ. ಬೇವು ಬರಿದಾಗುವುದು ಶಿಶಿರ ಕಳೆಯುವಾಗ. ತಡವರಿಸುತ್ತಿದ್ದ ನನ್ನ ಬಾಯಿಂದ ಬಂದದ್ದು ಶಾಲೆಯಲ್ಲಿ ಕಲಿತ ಮರಾಠಿಯ ಮಾತು: ‘ಪಾನ್‌ಗಳ್’. ‘ಪಾನ್’ ಎಂದರೆ ಎಲೆ, ‘ಗಳ್’ ಎಂದರೆ ಉದುರುವಿಕೆ.

ತರಗತಿಯಲ್ಲಿ ಮರಾಠಿ ನುಸುಳಬಾರದೆಂದು ಇಪ್ಪತ್ತೈದು ವರ್ಷ ಎಚ್ಚರವಹಿಸಿದ್ದ ನಾನು ನಾಚಿದೆ. ಆಕೆಯಾದರೋ ಲೇಖನಿ ಹಿಡಿದು, “ಇದನ್ನೂ ಬರೆದುಕೊಳ್ಳಲೇ, ಸರ್?” ಎಂದಳು. ಕ್ಷಣಕಾಲ ಸುಮ್ಮನಿದ್ದು, “ಬರೆದುಕೊ” ಎಂದೆ.

ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಮನೆಮಾತಿನೊಡನೆ ಬೆರೆತುಬಂದ ಮರಾಠಿ ಪದಗಳನ್ನು ಕೆಂಪು ಶಾಯಿಯಲ್ಲಿ ಎಷ್ಟು ಹೊಡೆದುಹಾಕಿದ್ದೆನೋ, ಲೆಕ್ಕವಿಲ್ಲ. ಮರಳಿ ಬಂದ ಮೇಲೆ ಆ ರೂಢಿಯನ್ನು ಬಿಟ್ಟಿದ್ದೇನೆ. ಅವರ ಪದ ಇದ್ದಲ್ಲೇ ಇರುತ್ತದೆ. ಪಕ್ಕದಲ್ಲಿ ಕನ್ನಡ ಪದವೊಂದನ್ನು ಬರೆದಿಡುತ್ತೇನೆ.