ಅಂಕಿತ ಮತ್ತು ಅಂಕಿ

ವಚನಗಳನ್ನು ಪಾಠ ಹೇಳಿದವರಿಗೆಲ್ಲ ಅಂಕಿತದ ವಿಷಯ ಪರಿಚಿತವಾದದ್ದೇ. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣ, ಗುಹೇಶ್ವರ ಎಂದು ಬಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದು ಬಂದರೆ ಅಕ್ಕ. ಹೇಳಿದವರ ಸ್ವಂತ ಹೆಸರು ವಚನದೊಳಗೆ ಎಲ್ಲಿಯೂ ಇರಬೇಕಾಗಿಲ್ಲ. ಕೊನೆಯಲ್ಲಿ ಬರುವ ಆ ಒಂದು ಪದವೇ ವಾರಸುದಾರಿಕೆಯ ಪತ್ರ. ಕೆಲವು ವಚನಗಳಲ್ಲಂತೂ ಅಂಕಿತ ಮಾತ್ರ ಉಳಿದು, ಅದರ ಹಿಂದಿನ ವ್ಯಕ್ತಿ ಯಾರೆಂಬುದೇ ಮರೆತುಹೋಗಿದೆ. ಸಂಪಾದಕರು ಅವರನ್ನು ಅಜ್ಞಾತ ವಚನಕಾರರೆಂದು ಕರೆದು ಬೇರೆಯಾಗಿ ಜೋಡಿಸಿದ್ದಾರೆ. ದಾಸರಲ್ಲಿ ಈ ವ್ಯವಸ್ಥೆ ಇನ್ನಷ್ಟು ಬಿಗಿಯಾದದ್ದು. ಅಲ್ಲಿ ಅಂಕಿತವನ್ನು ಗುರು ಕೊಡಬೇಕು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎನ್ನುವಲ್ಲಿ ಮೊದಲರ್ಧ ವ್ಯಕ್ತಿಯದು, ಉಳಿದರ್ಧ ಪರಂಪರೆಯದು.

ವಿಭಾಗದ ಈ ಸಂಸ್ಮರಣ ಸಂಪುಟಕ್ಕೆ ಒಂದು ಲೇಖನ ಬೇಕೆಂದು ಮಿತ್ರರು ಕೇಳಿದಾಗ ಅಂಕಿತಗಳ ಬಗೆಗೇ ಏನಾದರೂ ಪಾಂಡಿತ್ಯದ ಮಾತು ಬರೆಯೋಣವೆಂದುಕೊಂಡಿದ್ದೆ. ಆದರೆ ಕಳೆದ ಒಂದು ವರ್ಷದಿಂದ ನನ್ನ ಮನಸ್ಸನ್ನು ಹಿಡಿದಿರುವ ಅಂಕಿತ ಹನ್ನೆರಡನೆಯ ಶತಮಾನದ್ದಲ್ಲ. ಡೊಂಬಿವಲಿಯಲ್ಲಿರುವ ನನ್ನ ಮಗಳ ಮಗ ತನ್ನ ಮೊಬೈಲಿನ ಆಟಕ್ಕೆ ಇಟ್ಟುಕೊಂಡದ್ದು. ನಿವೃತ್ತ ಕನ್ನಡ ಮೇಷ್ಟರು ಮೊಮ್ಮಕ್ಕಳ ಆಟವನ್ನೂ ಲೇಖನದ ವಸ್ತುವಾಗಿಸದೆ ಬಿಡುವುದಿಲ್ಲವೆಂದು ಯಾರಾದರೂ ನಕ್ಕರೆ ನಗಲಿ.

ಹುಡುಗನಿಗೆ ಬೇಕಾಗಿದ್ದ ಹೆಸರು ಚೆನ್ನಯ. ಕೋಟಿ ಚೆನ್ನಯರ ಪಾಡ್ದನದ ಕತೆಯನ್ನು ಅವನಿಗೆ ಹೇಳಿದವಳು ಅವನ ಅಜ್ಜಿ. ಯಂತ್ರ ಒಪ್ಪಲಿಲ್ಲ. ಆ ಹೆಸರು ಈಗಾಗಲೇ ಇನ್ನೊಬ್ಬರ ವಶದಲ್ಲಿದೆ ಎಂದಿತು. ಬೇಕಾದರೆ ಹಿಂದೆ ನಾಲ್ಕು ಅಂಕಿ ಸೇರಿಸಿಕೋ ಎಂದು ತಾನೇ ಸೂಚಿಸಿತು. ವೀರಪುರುಷನ ಹೆಸರಿಗೆ ರೈಲಿನ ಡಬ್ಬಿಯಂತೆ ಸಂಖ್ಯೆ ಹಚ್ಚುವುದು ಅವನಿಗೆ ಅವಮಾನವೆನಿಸಿತು. ನನಗೆ ನೆನಪಾದದ್ದು ಕೋಟೆ ಪ್ರದೇಶದ ಹೋಟೆಲುಗಳು. ನನ್ನ ತಂದೆ ಊರಿನಿಂದ ಬಂದು ಸೇರಿದ ಹೋಟೆಲಿನಲ್ಲಿ ಅವರ ಹೆಸರಿನವರೇ ಇಬ್ಬರು ಮೊದಲೇ ಇದ್ದರಂತೆ. ಒಬ್ಬ ಉದ್ದನೆಯವ, ಇನ್ನೊಬ್ಬ ಕುಂದಾಪುರದವ. ಮೂರನೆಯವರಾದ ನನ್ನ ತಂದೆ ‘ಬಾರ್ಕ್ಯಾ’, ಅಂದರೆ ಚಿಕ್ಕವ. ಅರುವತ್ತು ದಾಟಿದ ಮೇಲೂ ಹಳೆಯ ಸಂಗಾತಿಗಳ ಬಾಯಲ್ಲಿ ಅವರು ಬಾರ್ಕ್ಯಾ ಆಗಿಯೇ ಉಳಿದರು. ಗಲ್ಲಾದ ಮೇಲೆ ಕುಳಿತ ಧಣಿಗೆ ಬೇಕಾಗಿದ್ದುದು ಹೆಸರಿನ ಸೊಗಸಲ್ಲ, ಕೂಗಿದರೆ ಒಬ್ಬನೇ ಓಡಿಬರಬೇಕೆಂಬುದು. ಆಟದ ಯಂತ್ರಕ್ಕೂ ಬೇಕಾದದ್ದು ಅಷ್ಟೇ.

ಅವನಿಂದ ಕೇಳಿಯೂ ಸ್ವಲ್ಪ ಓದಿಯೂ ನಾನು ಅರ್ಥಮಾಡಿಕೊಂಡ ವ್ಯವಸ್ಥೆ ಹೀಗಿದೆ. ಆಟಗಾರನಿಗೆ ಒಂದೇ ಹೆಸರು ಇರುವಂತೆ ಕಂಡರೂ ವಾಸ್ತವವಾಗಿ ಅವನಿಗೆ ಮೂರು ಗುರುತುಗಳಿರುತ್ತವೆ. ಎದುರಾಳಿಗಳಿಗೆ ಕಾಣುವ ಹೆಸರು ಒಂದು. ಒಳಗೆ ಪ್ರವೇಶಿಸಲು ಬಳಸುವ ಗುರುತು ಎರಡನೆಯದು. ಅದು ಮಿಂಚಂಚೆಯ ವಿಳಾಸವೋ ದೂರವಾಣಿಯ ಸಂಖ್ಯೆಯೋ ಆಗಿರಬಹುದು. ಇವೆರಡರ ಕೆಳಗೆ, ನೆಲಮಾಳಿಗೆಯಲ್ಲಿ ಎಂಬಂತೆ, ಖಾತೆ ತೆರೆದ ದಿನ ಯಂತ್ರವೇ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಗೆದ್ದ ಪಂದ್ಯ, ಕೂಡಿಟ್ಟ ಸಾಮಗ್ರಿ, ಗೆಳೆಯರ ಪಟ್ಟಿ ಎಲ್ಲವೂ ಜಮೆಯಾಗುವುದು ಆ ಸಂಖ್ಯೆಯ ಲೆಕ್ಕಕ್ಕೇ ಹೊರತು ಹೆಸರಿನ ಲೆಕ್ಕಕ್ಕಲ್ಲ. 2003ರಲ್ಲಿ ಆರಂಭವಾದ ಸ್ಟೀಮ್ ಎಂಬ ವೇದಿಕೆಯಲ್ಲಿ ಈ ಸಂಖ್ಯೆಗೆ 17 ಅಂಕಿಗಳು. ಅಲ್ಲಿ ಕಾಣುವ ಹೆಸರನ್ನು ಬೇಕೆಂದಾಗ ಬದಲಾಯಿಸಬಹುದು, ಒಂದೇ ಹೆಸರನ್ನು ಸಾವಿರ ಜನ ಇಟ್ಟುಕೊಳ್ಳಬಹುದು. ಸಂಖ್ಯೆ ಮಾತ್ರ ಕದಲುವುದಿಲ್ಲ. ಸೋನಿಯವರ ಪ್ಲೇಸ್ಟೇಷನ್ನಿನಲ್ಲಿ ಇದಕ್ಕೆ ವಿರುದ್ಧವಾಗಿ 2019ರವರೆಗೆ ಒಮ್ಮೆ ಇಟ್ಟ ಹೆಸರೇ ಶಾಶ್ವತವಾಗಿತ್ತು. ಬಾಲ್ಯದ ತುಂಟತನವನ್ನು ನಡುವಯಸ್ಸಿನಲ್ಲೂ ಹೊತ್ತು ತಿರುಗಬೇಕಾಗಿತ್ತು. ಅದೇ ವರ್ಷ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಇನ್ನೊಂದು ರಾಜಿಗೆ ಬಂತು: ಬೇರೆಯವರ ಬಳಿಯಿರುವ ಹೆಸರನ್ನೂ ಇಟ್ಟುಕೊಳ್ಳಿ, ಹಿಂದೆ ಅಂಕಿಯ ಬಾಲವನ್ನು ನಾವು ಅಂಟಿಸುತ್ತೇವೆ. ಆಟಗಾರರು ಮಾತಾಡಿಕೊಳ್ಳುವ ಡಿಸ್ಕಾರ್ಡ್ ತದ್ವಿರುದ್ಧ ದಾರಿ ಹಿಡಿದು 2023ರಲ್ಲಿ ನಾಲ್ಕಂಕಿಯ ಬಾಲವನ್ನು ಕತ್ತರಿಸಿತು. ಎಲ್ಲರೂ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಯಿತು, ಅದೂ ಸಣ್ಣ ರೋಮನ್ ಅಕ್ಷರ, ಅಂಕಿ, ಚುಕ್ಕೆ, ಅಡಿಗೆರೆಗಳಲ್ಲಿ ಮಾತ್ರ.

ಹಲವು ಮೊಬೈಲ್ ಆಟಗಳಲ್ಲಿ ಹೆಸರು ಬದಲಿಸಲು ಒಂದು ಚೀಟಿಯನ್ನು ಗಳಿಸಬೇಕು ಅಥವಾ ಕೊಳ್ಳಬೇಕು. ಇದನ್ನು ಕೇಳಿದಾಗ ನನಗೆ ನಗು ಬಂತು. ಬಸವಣ್ಣನವರ ವಚನಗಳ ಅಂಕಿತವನ್ನು ಲಿಂಗದೇವ ಎಂದು ಬದಲಿಸಿ ಅಚ್ಚುಮಾಡಿದ ಪುಸ್ತಕವನ್ನು ಕರ್ನಾಟಕ ಸರಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2017ರಲ್ಲಿ. ನಮ್ಮಲ್ಲಿ ಒಂದು ಅಂಕಿತದ ಬದಲಾವಣೆ ಎರಡು ದಶಕಗಳ ವ್ಯಾಜ್ಯ, ಅಲ್ಲಿ ಒಂದು ಚೀಟಿಯ ಬೆಲೆ.

ಸಂಖ್ಯೆಯನ್ನು ನಂಬಿದವರು ಆಟದ ಯಂತ್ರಗಳವರು ಮಾತ್ರವಲ್ಲ. ವಿಶ್ವ ಚದುರಂಗ ಸಂಸ್ಥೆಯೂ ಪ್ರತಿ ಆಟಗಾರನಿಗೆ ಒಂದು ಸಂಖ್ಯೆ ಕೊಡುತ್ತದೆ. ವಿಶ್ವನಾಥನ್ ಆನಂದರದು 5000017. ಅದೇ ಸಂಸ್ಥೆಯ ಪಟ್ಟಿಯಲ್ಲಿ ಅವರ ಹೆಸರು ಪಾಶ್ಚಾತ್ಯರ ರೂಢಿಯಂತೆ ‘ಆನಂದ್, ವಿಶ್ವನಾಥನ್’ ಎಂದು ಅಚ್ಚಾಗಿ, ಮಗನ ಹೆಸರು ಮನೆತನದ್ದಾಗಿ, ತಂದೆಯ ಹೆಸರು ಮಗನದಾಗಿ ಕುಳಿತಿದೆ. ಸಂಖ್ಯೆಯಲ್ಲಿ ಇಂಥ ಗೊಂದಲವಿಲ್ಲ. ಮುಂಬಯಿಯ ಶಾಲೆಗಳಲ್ಲಿ ‘ಸರ್‌ನೇಮ್ ಏನು’ ಎಂದು ಕೇಳಿಸಿಕೊಂಡು, ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಆ ಕ್ಷಣಕ್ಕೆ ಅಡ್ಡಹೆಸರಾಗಿ ಒಪ್ಪಿಸಿದ ನಮ್ಮ ಪೀಳಿಗೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ನಗರದವರೇ ಆದ ನಮನ್ ಮಾಥುರ್ ಅವರನ್ನು ಆಟದ ಲೋಕ ಬಲ್ಲದ್ದು ಮಾರ್ಟಲ್ ಎಂಬ ಹೆಸರಿನಿಂದ. ಮರ್ತ್ಯ! ಯಮ, ಭೈರವ, ಸಂಹಾರಿ ಎಂದೆಲ್ಲ ಕರೆದುಕೊಳ್ಳುವ ಹುಡುಗರ ನಡುವೆ ಇದೊಂದು ವಿನಯದ ಅಂಕಿತ. ಅದಕ್ಕೆ ತಂಡದ ಹೆಸರಾದ ಸೋಲ್ ಜೊತೆಗೂಡುತ್ತಿತ್ತು. ವಿಠಲ ಹಿಂದೆ ಬರುತ್ತದೆ, ಇವರದು ಮುಂದೆ, ಅಷ್ಟೇ ವ್ಯತ್ಯಾಸ. ಅವರಿಗೆ ಪ್ರಸಿದ್ಧಿ ತಂದ ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧವಾಯಿತು. 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಆಟವೇ ಹೆಸರು ಬದಲಿಸಿಕೊಂಡು ಬಂದಾಗ, ಹಳೆಯ ಖಾತೆಯ ಗಳಿಕೆಯನ್ನು ಹೊಸದಕ್ಕೆ ಸಾಗಿಸಲು ಆ ವರ್ಷದ ಕೊನೆಯವರೆಗೆ ಅವಕಾಶವಿತ್ತು. ಆದರೆ ಖಾತೆಯನ್ನು ಬೇರೊಂದು ಸಾಮಾಜಿಕ ಜಾಲದ ಖಾತೆಯೊಡನೆ ಬೆಸೆದಿದ್ದವರಿಗೆ ಮಾತ್ರ. ಸಾಕ್ಷಿ ಹೇಳುವ ಇನ್ನೊಂದು ಖಾತೆ ಇಲ್ಲದವನು ಬರಿಗೈಯಲ್ಲಿ ಹೊಸದಾಗಿ ಆರಂಭಿಸಬೇಕಾಯಿತು.

ಕನ್ನಡ ಅಕ್ಷರದ ಗತಿ ಏನೆಂದು ಈ ಸಂಪುಟದ ಓದುಗರು ಕೇಳಿಯೇ ಕೇಳುತ್ತಾರೆ. ಯುನಿಕೋಡಿನ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ. ಆದರೂ ಹೆಸರಿನ ಚೌಕದಲ್ಲಿ ನಮ್ಮ ಲಿಪಿಯನ್ನು ಎಲ್ಲರೂ ಒಪ್ಪುವುದಿಲ್ಲ. ಒಪ್ಪಿದಲ್ಲಿಯೂ ಎಣಿಕೆಯ ತೊಡಕು. ಶ್ರೀನಿವಾಸ ಎಂಬುದು ನಮಗೆ ನಾಲ್ಕು ಅಕ್ಷರ. ಯಂತ್ರಕ್ಕೆ ವಿರಾಮಚಿಹ್ನೆಯಂತಿರುವ ಹಲಂತ, ರೇಫೆ, ಗುಣಿತದ ಕೊಂಬುಗಳೆಲ್ಲ ಬೇರೆ ಬೇರೆ. ಅದರ ಲೆಕ್ಕದಲ್ಲಿ ಒಂಬತ್ತು. ಎಷ್ಟು ಅಕ್ಷರಕ್ಕೆ ಮಿತಿಯಿದೆಯೋ ಅಷ್ಟರ ಅರ್ಧಕ್ಕೇ ನಾವು ನಿಲ್ಲಬೇಕು. ಇದಕ್ಕಿಂತ ಸ್ವಾರಸ್ಯವಾದದ್ದು ನಮ್ಮ ‘ಠ’ಕಾರದ ಕತೆ. ಮಠ, ಪಾಠ, ಕಂಠಗಳಲ್ಲಿ ಮಾತ್ರ ಬದುಕಿರುವ ಈ ಬಡ ಮಹಾಪ್ರಾಣವನ್ನು ಅಂತರ್ಜಾಲದ ಹುಡುಗರು ಎರಡು ಬಾರಿ ಇಟ್ಟು, ನಡುವೆ ಒಂದು ಅಡ್ಡಗೆರೆ ಎಳೆದು, ಹುಬ್ಬೇರಿಸಿ ದುರುಗುಟ್ಟಿ ನೋಡುವ ಮುಖವನ್ನಾಗಿ ಮಾಡಿಕೊಂಡಿದ್ದಾರೆ: ಠ_ಠ. ಕನ್ನಡವೆಂಬ ಭಾಷೆಯಿದೆಯೆಂದು ತಿಳಿಯದವರೂ ಪ್ರಪಂಚದಾದ್ಯಂತ ಇದನ್ನು ಬಳಸುತ್ತಾರೆ. ಜಪಾನಿಯರ ‘ತ್ಸು’ ಅಕ್ಷರ ಹೀಗೆಯೇ ನಗುವ ಮುಖವಾಗಿ ನಮ್ಮ ಹುಡುಗರ ಹೆಸರುಗಳ ತುದಿಗೆ ಬಂದು ಕುಳಿತಿದೆ. ಕೊರಿಯನ್ ಲಿಪಿಗೆ ಸೇರಿದ, ಕಣ್ಣಿಗೆ ಕಾಣದ ಒಂದು ಪೂರಕ ಚಿಹ್ನೆಯೂ ಇದೆ. ಅದನ್ನೇ ಹೆಸರಾಗಿ ಇಟ್ಟುಕೊಂಡವನ ಹೆಸರಿನ ಜಾಗ ಬರಿಯ ಬಯಲು. ಅಲ್ಲಮನ ವಿದ್ಯಾರ್ಥಿಗಳು ಗಮನಿಸಬೇಕು.

ಹೆಸರು ಕೈಕೊಟ್ಟಾಗ ಸಂಖ್ಯೆ ಕಾಯ್ದ ಒಂದು ಪ್ರಸಂಗವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸೋದರಮಾವ ಲೋವರ್ ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿ ಹೊರಬಂದವರು ಮತ್ತೆ ಒಳಗೆ ಹೋಗಲಿಲ್ಲ. ಬಹುಕಾಲದ ಮೇಲೆ ಗಿರಣಿ ಕಾರ್ಮಿಕರಿಗೆ ಮ್ಹಾಡಾದ ಮನೆಗಳು ಎಂಬ ಯೋಜನೆ ಬಂತು; ದೊಡ್ಡ ಲಾಟರಿ ಎತ್ತಿದ್ದು 2012ರಲ್ಲಿ. ಅರ್ಜಿ ಹಾಕಲು ಹೊರಟಾಗ ಮಾವನವರ ಹೆಸರು ಪಡಿತರ ಚೀಟಿಯಲ್ಲಿ ಒಂದು ರೀತಿ, ಗಿರಣಿಯ ಕಾಗದದಲ್ಲಿ ಮರಾಠಿ ಗುಮಾಸ್ತನ ಕಿವಿಗೆ ಕೇಳಿಸಿದ ಇನ್ನೊಂದು ರೀತಿ, ಭವಿಷ್ಯನಿಧಿಯ ಪತ್ರದಲ್ಲಿ ಮೂರನೆಯ ರೀತಿ. ಮೂವರೂ ಒಬ್ಬರೇ ಎಂದು ತೋರಿಸಿದ್ದು ಅವರ ಹಾಜರಿ ಟಿಕೆಟ್ಟಿನ ನಾಲ್ಕಂಕಿ ಸಂಖ್ಯೆ. ಆ ಸಂಖ್ಯೆ ಕೆತ್ತಿದ ಹಿತ್ತಾಳೆಯ ಬಿಲ್ಲೆಯನ್ನು ಅವರು ಟ್ರಂಕಿನ ತಳದಲ್ಲಿ, ಮದುವೆಯ ಜರಿಪೇಟದ ಕೆಳಗೆ ಇಟ್ಟಿದ್ದರು. ‘ಬಿಲ್ಲೆ ನಂಬರಿನಿಂದ ಕರೆಸಿಕೊಂಡಾಗಲೆಲ್ಲ ಮೈ ಉರಿಯುತ್ತಿತ್ತು’ ಎಂದವರೂ ಅವರೇ.

ನಮ್ಮ ಹುಡುಗನ ಬಳಿ ಅಂಥ ಬಿಲ್ಲೆ ಇರಲಿಲ್ಲ. ಕಳೆದ ವರ್ಷ ಸಂಜೆಯ ಲೋಕಲ್ ಗಾಡಿಯಲ್ಲಿ, ಕುರ್ಲಾಕ್ಕೂ ಠಾಣೆಗೂ ನಡುವೆ, ಅವನ ಮೊಬೈಲು ಕಳುವಾಯಿತು. ಆಟದೊಳಗೆ ಅವನು ‘ಅತಿಥಿ’ಯಾಗಿ ಪ್ರವೇಶಿಸಿದ್ದವನು, ಅತಿಥಿಯ ಖಾತೆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ, ಯಂತ್ರ ಹೋದರೆ ಖಾತೆಯೂ ಹೋಗುತ್ತದೆ. ಆಟದ ಕಂಪನಿಗೆ ಬರೆದಾಗ ಅವರು ಕೇಳಿದ್ದು ಖಾತೆಯ ಸಂಖ್ಯೆ. ಹದಿನಾರರ ಹುಡುಗ ತನ್ನ ಹೆಸರನ್ನು ಹಗಲಿರುಳು ನೋಡಿದ್ದಾನೆ, ಮೂಲೆಯ ಸಣ್ಣ ಅಂಕಿಗಳನ್ನು ನೋಡಿ ಗುರುತಿಟ್ಟುಕೊಳ್ಳುವ ಪ್ರಮೇಯ ಅವನಿಗೇಕೆ ಬಂದೀತು? ಅಂಥದೇ ಹೆಸರಿನವರು ಬಹಳ ಮಂದಿ ಇದ್ದಾರೆಂದೂ ಹೆಸರೊಂದೇ ಪುರಾವೆಯಾಗದೆಂದೂ ಸೌಜನ್ಯದ ಉತ್ತರ ಬಂತು. ಅವರ ನಿಯಮದಲ್ಲಿ ತಪ್ಪು ಹುಡುಕುವುದು ಕಷ್ಟ. ಹೆಸರು ಹೇಳಿದ ಮಾತ್ರಕ್ಕೆ ಕೊಟ್ಟುಬಿಟ್ಟರೆ ಯಾರ ಖಾತೆ ಯಾರ ಕೈಯಲ್ಲೂ ಉಳಿಯದು.

ಮೂರು ವರ್ಷದ ಗಳಿಕೆ ಹೋದದ್ದಕ್ಕೆ ಅವನು ಅಷ್ಟಾಗಿ ಅಳಲಿಲ್ಲ. ಗೆಳೆಯರ ಪಟ್ಟಿಯಲ್ಲಿ ಮಂಜೇಶ್ವರದ ಕಡೆಯ ಒಬ್ಬನಿದ್ದ. ಇವನು ಚೆನ್ನಯ ಎಂಬುದನ್ನು ಕಂಡು ತಾನು ಕೋಟಿ ಎಂದು ಹೆಸರು ಬದಲಿಸಿಕೊಂಡವನು, ಅವನ ಹೆಸರಿಗೂ ಅಂಕಿಯ ಬಾಲ. ಎರಡು ವರ್ಷ ಇಬ್ಬರೂ ಜೋಡಿಯಾಗಿ ಆಡಿದ್ದಾರೆ, ತುಳುವಿನಲ್ಲಿ ಮಾತಾಡಿದ್ದಾರೆ. ಡೊಂಬಿವಲಿಯಲ್ಲಿ ಹುಟ್ಟಿದ ನಮ್ಮವನ ತುಳು ತಿದ್ದಿದ್ದು ಅವನೇ. ಮೊಬೈಲು ಹೋಗುವ ಹಿಂದಿನ ರಾತ್ರಿ, ತಂದೆಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ನಾಳೆ ಹೇಳುತ್ತೇನೆ ಎಂದಿದ್ದನಂತೆ. ಅವನ ನಿಜವಾದ ಹೆಸರನ್ನು ಇವನು ಕೇಳಿರಲಿಲ್ಲ, ಇವನದನ್ನು ಅವನೂ ಕೇಳಿರಲಿಲ್ಲ. ಕೇಳುವುದು ಆ ಲೋಕದ ಮರ್ಯಾದೆಯೂ ಅಲ್ಲವಂತೆ.

ಈಗ ಹುಡುಗನಿಗೆ ಹೊಸ ಖಾತೆಯಾಗಿದೆ. ಅದರ ಹನ್ನೊಂದು ಅಂಕಿಗಳನ್ನು ಅವನ ಅಜ್ಜಿ ಪಂಚಾಂಗದ ಕೊನೆಯ ಪುಟದಲ್ಲಿ, ಗ್ಯಾಸಿನ ನಂಬರಿನ ಕೆಳಗೆ ಬರೆದುಕೊಂಡಿದ್ದಾಳೆ. ಕೋಟಿಯ ಬಾಲದ ಅಂಕಿಗಳಲ್ಲಿ ಕೊನೆಯದು ಏಳು ಎಂಬುದಷ್ಟೇ ಇವನ ನೆನಪಿನಲ್ಲಿದೆ. ಹುಡುಕಿದಾಗ ಏಳರಿಂದ ಮುಗಿಯುವ ಕೋಟಿಗಳು ಹನ್ನೊಂದು ಮಂದಿ ಸಿಕ್ಕರು. ಹನ್ನೊಂದು ಮಂದಿಗೂ ಸ್ನೇಹದ ಕೋರಿಕೆ ಕಳುಹಿಸಿ, ತುಳುವಿನಲ್ಲಿ ಒಂದೇ ಪ್ರಶ್ನೆ ಬರೆದ: ಅಪ್ಪ ಹೇಗಿದ್ದಾರೆ? ಮೂವರು ತಮಗೆ ಭಾಷೆ ತಿಳಿಯದೆಂದು ಉತ್ತರಿಸಿದ್ದಾರೆ. ಉಳಿದ ಎಂಟು ಮಂದಿಯಿಂದ ಇನ್ನೂ ಉತ್ತರ ಬಂದಿಲ್ಲ.