ಕೆಂಪನ್ನು ಕೆಂಪಾಗಿ ತೋರಿಸುವ ದೀಪ

ಉತ್ತರ ಅಮೆರಿಕದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಹೆಚ್ಚಾಗಿ ನಡೆಯುವುದು ಎಲೆ ಉದುರುವ ಕಾಲದಲ್ಲಿ. ಜಿಂಕೆ ಮೇವಿಗೆ ಹೊರಡುವುದು ಮುಸ್ಸಂಜೆಗೆ. ಬಾಣ ತಗುಲಿದ ಮೇಲೂ ಅದು ನಿಂತಲ್ಲೇ ಬೀಳುವುದು ಅಪರೂಪ. ಪೆಟ್ಟು ಶ್ವಾಸಕೋಶಕ್ಕಾಗಿದ್ದರೆ ಅರ್ಧ ಗಂಟೆ, ಹೊಟ್ಟೆಗಾಗಿದ್ದರೆ ಎಂಟೋ ಹತ್ತೋ ಗಂಟೆ ಬಿಟ್ಟು ಹಿಂಬಾಲಿಸುವುದು ಅಲ್ಲಿನವರ ರೂಢಿ. ಅವಸರಪಟ್ಟು ಎಬ್ಬಿಸಿದರೆ ಅದು ಮತ್ತೂ ದೂರ ಓಡಿ, ಯಾರ ಕೈಗೂ ಸಿಗದೆ ನರಳಿ ಸಾಯುತ್ತದೆ. ಹೀಗೆ ಕಾಯುವುದರೊಳಗೆ ಕತ್ತಲಾಗುತ್ತದೆ, ದೀಪ ಬೇಕಾಗುತ್ತದೆ. ನನಗೆ ಬೇಟೆಯ ಮೋಹವಿಲ್ಲ, ದೀಪಗಳ ಮೋಹ ಇದೆ. 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ ಅಪರಾಧವಾಗಿರುವ ನಾಡಿನವರಿಗೆ ಈ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ಬೇಟೆ ಸರಿಯೇ ತಪ್ಪೇ ಎಂಬುದು ಬಾಣ ಬಿಡುವ ಮೊದಲಿನ ಪ್ರಶ್ನೆ. ಬಿಟ್ಟಾದ ಮೇಲೆ ಉಳಿಯುವುದು ಗಾಯಗೊಂಡ ಪ್ರಾಣಿಯ ನೋವು ಮಾತ್ರ. ಜರ್ಮನಿಯ ಬೇಟೆ ಕಾನೂನು ಅಂಥ ಪ್ರಾಣಿಯನ್ನು ತಡಮಾಡದೆ ನೋವಿನಿಂದ ಬಿಡಿಸಬೇಕೆಂದು ವಿಧಿಸಿದೆ. ಆ ಹೊಣೆ ಹೊತ್ತವನ ಕೈಯಲ್ಲಿ ಎಂಥ ದೀಪವಿರಬೇಕು ಎಂಬುದು ಕ್ಷುಲ್ಲಕ ವಿಚಾರವಲ್ಲ.

ಅಂಗಡಿಗಳು ಟಾರ್ಚನ್ನು ಲ್ಯುಮೆನ್ ಲೆಕ್ಕದಲ್ಲಿ ಮಾರುತ್ತವೆ: ಸಾವಿರ, ಎರಡು ಸಾವಿರ. ಈ ಕೆಲಸದ ಮಟ್ಟಿಗೆ ಆ ಅಳತೆಯೇ ದಾರಿತಪ್ಪಿಸುತ್ತದೆ ಎಂಬುದು ನನ್ನ ವಾದ. ಹುಡುಕುವವನಿಗೆ ಕಾಡೆಲ್ಲ ಕಾಣಬೇಕಾಗಿಲ್ಲ. ಎಲೆಯ ಮೇಲಿನ ಒಂದು ಚುಕ್ಕೆ ರಕ್ತವೋ ಅಲ್ಲವೋ ತಿಳಿದರೆ ಸಾಕು. ಮೇಪಲ್ ಎಲೆಗಳು ತಾವೇ ಕೆಂಪು ಮಚ್ಚೆ ಹೊತ್ತು ಬಿದ್ದಿರುವ ನೆಲದಲ್ಲಿ ಅದು ಸುಲಭವಲ್ಲ. ಹಿಮೋಗ್ಲೋಬಿನ್ ನೀಲಿಯನ್ನೂ ಹಸಿರನ್ನೂ ನುಂಗಿ, ಸುಮಾರು 600 ನ್ಯಾನೊಮೀಟರಿನಾಚೆಯ ಕೆಂಪನ್ನು ಹಿಂದಿರುಗಿಸುತ್ತದೆ. ದೀಪದ ಬೆಳಕಿನಲ್ಲೇ ಆ ಕೆಂಪು ಕಡಿಮೆಯಿದ್ದರೆ ರಕ್ತ ಹಿಂದಿರುಗಿಸುವುದಾದರೂ ಏನನ್ನು? ಸಾಮಾನ್ಯ ಬಿಳಿ ಎಲ್‌ಇಡಿ ಎಂದರೆ ನೀಲಿ ಚಿಪ್‌ನ ಮೇಲೆ ಬಳಿದ ಹಳದಿ ಫಾಸ್ಫರ್. ಗಾಢ ಕೆಂಪಿನಲ್ಲಿ ಅದು ಬಡವ. ಬಣ್ಣ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಂಕೆ ಇದೆಯಲ್ಲ ಎನ್ನಬಹುದು. ಆ ಅಂಕೆ ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪಿನ ಪರೀಕ್ಷೆಯಾದ ಆರ್9 ಆ ಎಂಟರಲ್ಲಿ ಸೇರಿಯೇ ಇಲ್ಲ. ಸಿಆರ್‌ಐ 80 ಎಂದು ಬೀಗುವ ದೀಪದ ಆರ್9 ಸೊನ್ನೆಯ ಹತ್ತಿರ ಇರಬಹುದು.

ಹಳೆಯ ಬೇಟೆಗಾರರು ಇಂದಿಗೂ ಕೋಲ್ಮನ್ ಲಾಟೀನನ್ನು ಬಿಡದಿರುವುದು ಇದರಿಂದಲೇ ಎಂದು ನಾನು ನಂಬುತ್ತೇನೆ. ಅದು ಬರೀ ಹಳೆಯದರ ಮೇಲಿನ ವ್ಯಾಮೋಹ ಎಂಬ ಆಕ್ಷೇಪ ಇದ್ದೇ ಇದೆ. ಸ್ವಲ್ಪ ವ್ಯಾಮೋಹವೂ ಇರಬಹುದು. ಆದರೆ 1914ರಲ್ಲಿ ವಿಲಿಯಂ ಕಾಫಿನ್ ಕೋಲ್ಮನ್ ಮಾರುಕಟ್ಟೆಗೆ ತಂದ ಆ ಲಾಟೀನಿನಲ್ಲಿ ಬೆಳಗುವುದು ಕಾದು ಬೆಳ್ಳಗಾದ ಮ್ಯಾಂಟಲ್ ಎಂಬ ಬಲೆ. ಅದರ ಬೆಳಕಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲೂ ಕಡಿದುಹೋಗದ ಬಣ್ಣಗಳ ಪಟ್ಟಿ ಇದೆ. ಮ್ಯಾಂಟಲನ್ನು ಕಂಡುಹಿಡಿದವನು ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್. ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಎಂಬ ಹದ 1891ರ ಹೊತ್ತಿಗೆ ಅವನಿಗೆ ಒಲಿಯಿತು. ಆ ಥೋರಿಯಂ ಇರುವ ಮೊನಝೈಟ್ ಮರಳು ನಮ್ಮ ತಿರುವಾಂಕೂರಿನ ಕಡಲತೀರದಲ್ಲಿ ಪತ್ತೆಯಾದದ್ದು 1909ರಲ್ಲಿ, ಪರದೇಶಕ್ಕೆ ಹೋದ ತೆಂಗಿನ ನಾರಿಗೆ ಅಂಟಿದ್ದ ಕಣಗಳ ಜಾಡು ಹಿಡಿದು. ನಮ್ಮ ಬಯಲಾಟಗಳ ಗ್ಯಾಸ್‌ಲೈಟೂ ಇದೇ ವಂಶದ್ದು. ಬಣ್ಣದ ವೇಷದ ಮುಖದ ಕೆಂಪು ಗ್ಯಾಸ್‌ಲೈಟಿನಲ್ಲಿ ಇದ್ದಂತೆ ಫ್ಲಡ್‌ಲೈಟಿನಲ್ಲಿ ಇಲ್ಲ ಎಂದು ಹಳೆಯ ಪ್ರೇಕ್ಷಕರು ಗೊಣಗಿದರೆ ಅವರನ್ನು ಗೇಲಿ ಮಾಡಬೇಕಾಗಿಲ್ಲ. ಲಾಟೀನಿಗೆ ಇನ್ನೊಂದು ಗುಣವೂ ಇದೆ: ಅದು ನೆಲದ ಹತ್ತಿರ, ಸುತ್ತಲೂ ಬೆಳಕು ಚೆಲ್ಲುತ್ತದೆ. ಗಾಜಿನ ಒಂದು ಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಹಿಡಿದವನ ಕಣ್ಣು ಕೋರೈಸುವುದಿಲ್ಲ. ಭಾರ, ಸದ್ದು, ಮುಟ್ಟಿದರೆ ಉದುರುವ ಮ್ಯಾಂಟಲ್, ಇವೆಲ್ಲ ಅದರ ದೋಷಗಳೇ; ನಾನು ಅಲ್ಲಗಳೆಯುವುದಿಲ್ಲ.

ರಕ್ತ ಹುಡುಕುವುದಕ್ಕೆಂದೇ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೆರೆಸಿದ ಟಾರ್ಚುಗಳು ಬಂದಿವೆಯಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಬರೀ ಕೆಂಪು ಬೆಳಕಿನಲ್ಲಿ ಒಣ ಎಲೆಯೂ ರಕ್ತವೂ ಒಂದೇ ಆಗಿಬಿಡುತ್ತವೆ. ಬರೀ ಹಸಿರಿನಲ್ಲಿ ರಕ್ತ ಕಪ್ಪಾಗುತ್ತದೆ, ಒದ್ದೆ ಮಣ್ಣಿನ ಚುಕ್ಕೆಯೂ ಕಪ್ಪಾಗುತ್ತದೆ. ಬೆರಕೆಯಲ್ಲಿ ರಕ್ತ ಎದ್ದು ಕಂಡೀತು. ಆದರೆ ಕಂದು, ಕೆಂಪುಗಳ ನಡುವಿನ ಸೂಕ್ಷ್ಮ ಅಂತರವನ್ನು ಅದು ಒರೆಸಿಹಾಕುತ್ತದೆ. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ. ಅಂಥವರಿಗೆ ಕಪ್ಪು ಚುಕ್ಕೆ ತೋರಿಸುವ ಹಸಿರು ದೀಪವೇ ಮೇಲಾಗಬಹುದು. ಇಲ್ಲಿ ನನ್ನ ವಾದ ಸೋಲುತ್ತದೆ. ಅತಿನೇರಳೆ ಬೆಳಕಿನಲ್ಲಿ ರಕ್ತ ಹೊಳೆಯುತ್ತದೆ ಎಂಬುದು ಮಾತ್ರ ಸಿನಿಮಾದ ಮಾತು. ರಕ್ತ ಅದನ್ನು ಹೀರಿಕೊಂಡು ಮತ್ತಷ್ಟು ಕಪ್ಪಾಗುತ್ತದೆ. ಸಂಶಯವಿದ್ದರೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ ನೊರೆ ಬರುತ್ತದೆಯೇ ನೋಡುವುದು ಮೇಲು.

ಕೆಂಪು ಸಾಕಷ್ಟಿದ್ದರೆ ಮಿಣುಕು ದೀಪವೂ ಆದೀತೆಂದು ಇದರಿಂದ ತಿಳಿಯಬಾರದು. ಬೆಳಕು ಕುಂದಿದಾಗ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವ ಬಣ್ಣ ಕೆಂಪೇ. ಪುರ್ಕಿನ್ಯೆ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಇನ್ನು ಪಳಗಿದ ನಾಯಿಯಿದ್ದರೆ ದೀಪದ ಹಂಗೇ ಇಲ್ಲ ಎನ್ನುವವರಿದ್ದಾರೆ. ನಾಯಿಯ ಮೂಗು ಮನುಷ್ಯನ ಕಣ್ಣಿಗಿಂತ ಮೇಲೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಗಾಯವಿಲ್ಲದ ಇನ್ನೊಂದು ಜಿಂಕೆ ಅಡ್ಡ ಹಾಯ್ದ ಜಾಗದಲ್ಲಿ ನಾಯಿ ಸರಿಯಾದ ಜಾಡನ್ನೇ ಹಿಡಿದಿದೆಯೇ ಎಂದು ಖಾತ್ರಿಪಡಿಸಿಕೊಳ್ಳಲು ಹಿಂದೆ ಬರುವವನು ಒಂದಾದರೂ ಹನಿಯನ್ನು ಕಣ್ಣಾರೆ ಕಾಣಬೇಕು. ನಾಯಿಯ ಹಗ್ಗ ಹಿಡಿದ ಅವನಿಗೆ ಲಾಟೀನು ಹಿಡಿಯಲು ಕೈ ಬಿಡುವಿರುವುದಿಲ್ಲ. ಅವನಿಗೆ ಒಪ್ಪುವುದು ಡಬ್ಬಿಯ ಮೇಲೆ ಆರ್9 ಅಂಕೆಯನ್ನು ಮುಚ್ಚಿಡದೆ ನಮೂದಿಸಿರುವ, ಬೆಚ್ಚನೆಯ ಬಿಳಿ ಬೆಳಕಿನ ತಲೆದೀಪ.